ನಾಲ್ಕನೇ ತರಗತಿಗೇ ಮಗಳ ದಾರಿ ತೀರ್ಮಾನವಾಗಬೇಕೆ? ಬವೇರಿಯಾದಲ್ಲಿ ಮಕ್ಕಳನ್ನು ಓದಿಸಿದವರು ದಯವಿಟ್ಟು ಹೇಳಿ

ಇಸಾರ್ ತೀರ:
ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನಿಂದ ಮ್ಯೂನಿಕ್‌ಗೆ ಬಂದು ಒಂದೂವರೆ ವರ್ಷವಾಯಿತು. ಸದ್ಯಕ್ಕೆ ಇಲ್ಲೇ ಇರುವವರು. ಮಗಳಿಗೆ ಒಂಬತ್ತು ವರ್ಷ, ಇಲ್ಲಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂರನೇ ತರಗತಿ ಮುಗಿಸುತ್ತಿದ್ದಾಳೆ. ಕಳೆದ ವಾರ ಶಿಕ್ಷಕಿ ಕರೆಸಿದ್ದರು. ಬಹಳ ಒಳ್ಳೆಯ ಹೆಂಗಸು, ಮಗಳನ್ನು ಹೊಗಳಿದರು. ಕೊನೆಗೆ, "ಈಗಿನ ಅಂಕಗಳನ್ನು ನೋಡಿದರೆ ಅವಳಿಗೆ ಮಿಟ್ಟಲ್‌ಶೂಲೆ ಸರಿಹೊಂದುತ್ತದೆ" ಎಂದರು.

ಇಲ್ಲಿಯ ವ್ಯವಸ್ಥೆ ಗೊತ್ತಿಲ್ಲದವರಿಗೆ: ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ನಾಲ್ಕನೇ ತರಗತಿಯ ಮೇ ತಿಂಗಳಲ್ಲಿ ಒಂದು ಪ್ರಮಾಣಪತ್ರ ಕೊಡುತ್ತಾರೆ. ಜರ್ಮನ್, ಗಣಿತ, ಪರಿಸರ ಪಾಠ ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮವಿದ್ದರೆ ಗಿಮ್ನಾಜಿಯುಮ್ (ವಿಶ್ವವಿದ್ಯಾಲಯದ ಕಡೆಗೆ ಒಯ್ಯುವ ಶಾಲೆ), 2.66ರ ವರೆಗೆ ರಿಯಾಲ್‌ಶೂಲೆ (ಹತ್ತನೆಯವರೆಗಿನ ಮಧ್ಯಮ ಹಂತದ ಶಾಲೆ), ಉಳಿದವರಿಗೆ ಮಿಟ್ಟಲ್‌ಶೂಲೆ (ಹೆಚ್ಚಾಗಿ ವೃತ್ತಿ ತರಬೇತಿಯ ಕಡೆಗೆ ಒಯ್ಯುವ ಶಾಲೆ). ಇಲ್ಲಿ 1 ಎಂದರೆ ಅತ್ಯುತ್ತಮ, 6 ಎಂದರೆ ಅತ್ಯಂತ ಕಳಪೆ.

ಅವಳ ಗಣಿತದ ಉತ್ತರಪತ್ರಿಕೆ ನನ್ನ ಮುಂದೆಯೇ ಇದೆ. ರೈತನೊಬ್ಬನ ಬಳಿ ಇಷ್ಟು ಮೊಟ್ಟೆ, ಒಂದು ಪೆಟ್ಟಿಗೆಗೆ ಹತ್ತು, ಎಷ್ಟು ಪೆಟ್ಟಿಗೆ ಬೇಕು, ಎಷ್ಟು ಮೊಟ್ಟೆ ಉಳಿಯುತ್ತವೆ ಎಂಬ ಲೆಕ್ಕ. ಭಾಗಾಕಾರ ಸರಿ, ಶೇಷವೂ ಸರಿ. ಆದರೆ ಕೆಳಗೆ "ರೈತನಿಗೆ ಇಷ್ಟು ಪೆಟ್ಟಿಗೆ ಬೇಕು" ಎಂದು ಪೂರ್ಣ ವಾಕ್ಯದಲ್ಲಿ ಬರೆದಿಲ್ಲ. ಅಂಕ ಹೋಯಿತು. ಮುಂದಿನ ಲೆಕ್ಕದಲ್ಲಿ ಪ್ರಶ್ನೆಯೇ ಅರ್ಥವಾಗಿಲ್ಲ, ಖಾಲಿ ಬಿಟ್ಟಿದ್ದಾಳೆ. ಹದಿನೈದರ ಮಗ್ಗಿಯನ್ನು ನಿದ್ದೆಗಣ್ಣಿನಲ್ಲೂ ಹೇಳುವ ಮಗು ಅವಳು.

ನನ್ನ ಪ್ರಶ್ನೆಗಳು: ಮೂರನೇ ತರಗತಿಯನ್ನೇ ಇನ್ನೊಮ್ಮೆ ಓದಿಸಬೇಕೆ? ಅಂತರರಾಷ್ಟ್ರೀಯ ಶಾಲೆಗೆ ಹಾಕಬೇಕೆ? ಮನೆಯಲ್ಲಿ ಕನ್ನಡ ಬಿಟ್ಟು ಜರ್ಮನ್ ಮಾತನಾಡಬೇಕೆ? ವಾಪಸು ಹೋಗಿಬಿಡೋಣ ಎನ್ನುತ್ತಿದ್ದಾರೆ ಯಜಮಾನರು. ರಾತ್ರಿ ನಿದ್ದೆ ಬರುತ್ತಿಲ್ಲ.

ಮಲೆನಾಡಿನವಳು:
ನಿಮ್ಮ ಸಂಕಟ ಅರ್ಥವಾಗುತ್ತದೆ. ಮೂರು ವರ್ಷದ ಹಿಂದೆ ನಾನೂ ಇದೇ ಕುರ್ಚಿಯಲ್ಲಿ ಕುಳಿತು ಇದೇ ಮಾತು ಕೇಳಿದ್ದೆ. ವಿವರವಾಗಿ ಸಂಜೆ ಬರೆಯುತ್ತೇನೆ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಹತ್ತು ವರ್ಷ ಫ್ರಾಂಕ್‌ಫರ್ಟ್:
ಪರಿಹಾರ ಸುಲಭವಾಗಿದೆ. ನಮ್ಮ ಹೆಸ್ಸೆನ್ ರಾಜ್ಯಕ್ಕೆ ಬನ್ನಿ. ಇಲ್ಲಿ ಶಾಲೆ ಸಲಹೆ ಕೊಡುತ್ತದೆ, ತೀರ್ಮಾನ ತಂದೆತಾಯಿಯದು. ಅಂಕಗಳ ಸರಾಸರಿಯ ಬೇಲಿ ಇಲ್ಲ. ನನ್ನ ಇಬ್ಬರೂ ಮಕ್ಕಳು ಹಾಗೆಯೇ ಗಿಮ್ನಾಜಿಯುಮ್ ಸೇರಿದರು. ಒಂಬತ್ತು ವರ್ಷದ ಮಗುವನ್ನು ಮೂರು ಗುಂಪಾಗಿ ವಿಂಗಡಿಸುವುದು ಅನ್ಯಾಯ, ಅದಕ್ಕೆ ಬೇರೆ ಹೆಸರಿಲ್ಲ.

ನೆಕ್ಕರ್ ಕಣಿವೆ:
ಶಾಲೆಗಾಗಿ ರಾಜ್ಯ ಬದಲಿಸುವುದು ಎಲ್ಲರಿಗೂ ಆಗುವ ಮಾತೇ? ಕೆಲಸ ಇರುವುದು ಮ್ಯೂನಿಕ್‌ನಲ್ಲಿ. ಅಲ್ಲದೆ ಹೆಸ್ಸೆನ್‌ನಲ್ಲಿ ಸೇರುವುದು ಸುಲಭ, ಉಳಿಯುವುದು ಮಗುವಿನ ಕೈಯಲ್ಲಿದೆ. ಓದು ಏರದಿದ್ದರೆ ಮುಂದೆ ಶಾಲೆ ಬದಲಿಸಬೇಕಾಗುತ್ತದೆ. ಆ ನೋವು ಇನ್ನೂ ದೊಡ್ಡದು.

ನಮ್ಮ ಬಾಡೆನ್-ವುರ್ಟೆಂಬರ್ಗ್‌ನಲ್ಲೂ ತಂದೆತಾಯಿಯ ಇಚ್ಛೆಯೊಂದೇ ಸಾಕು ಎಂದಿತ್ತು, ಈಗ ಬಿಗಿ ಮಾಡಿದ್ದಾರೆ. ನಾಲ್ಕನೇ ತರಗತಿಯವರಿಗೆ ಕಂಪಾಸ್ 4 ಎಂಬ ಪರೀಕ್ಷೆ ಬಂದಿದೆ. ಶಿಕ್ಷಕರ ಸಲಹೆ, ಆ ಪರೀಕ್ಷೆ, ನಮ್ಮ ಇಚ್ಛೆ ಈ ಮೂರರಲ್ಲಿ ಎರಡು ಕೂಡಿಬಂದರೆ ಗಿಮ್ನಾಜಿಯುಮ್. ಜರ್ಮನಿಯಲ್ಲಿ ಶಿಕ್ಷಣ ರಾಜ್ಯಗಳ ವಿಷಯ. 16 ರಾಜ್ಯ, 16 ಬಗೆ. ಆದ್ದರಿಂದ ಬೇರೆ ರಾಜ್ಯದವರ ಅನುಭವವನ್ನು ನೇರವಾಗಿ ಬವೇರಿಯಾಕ್ಕೆ ಅಂಟಿಸಬೇಡಿ.

ಬರ್ಲಿನ್ ಅಪ್ಪ:
ಬರ್ಲಿನ್‌ನಲ್ಲಿ ಪ್ರಾಥಮಿಕ ಶಾಲೆ ಆರು ವರ್ಷ. ಹೊರಗಿನಿಂದ ಬಂದ ಮಕ್ಕಳಿಗೆ ಆ ಎರಡು ವರ್ಷ ದೊಡ್ಡ ಉಪಕಾರ. ಆರನೆಯವರೆಗೆ ಮಧ್ಯಾಹ್ನದ ಊಟ ಉಚಿತ, ವಿದ್ಯಾರ್ಥಿಗಳಿಗೆ ನಗರದೊಳಗೆ ಬಸ್ಸು, ರೈಲೂ ಉಚಿತ. ಮನೆ ಸಿಗುವುದು ಮಾತ್ರ ಬಹಳ ಕಷ್ಟ.

ದಾವಣಗೆರೆಯಿಂದ ಔಗ್ಸ್‌ಬುರ್ಗ್:
@ಇಸಾರ್ ತೀರ, ಒಂದು ಮುಖ್ಯ ವಿಷಯವನ್ನು ಯಾರೂ ನಿಮಗೆ ಹೇಳಿದಂತಿಲ್ಲ. ಮಾತೃಭಾಷೆ ಜರ್ಮನ್ ಅಲ್ಲದ, ಒಂದನೇ ತರಗತಿಯಿಂದಲೇ ಜರ್ಮನ್ ಶಾಲೆಯಲ್ಲಿ ಓದದ ಮಕ್ಕಳಿಗೆ ಬವೇರಿಯಾದ ಪ್ರಾಥಮಿಕ ಶಾಲಾ ನಿಯಮದಲ್ಲಿ ವಿನಾಯಿತಿ ಇದೆ. ಸರಾಸರಿ 3.33ರ ವರೆಗೆ ಇದ್ದರೂ ಗಿಮ್ನಾಜಿಯುಮ್‌ಗೋ ರಿಯಾಲ್‌ಶೂಲೆಗೋ ಅರ್ಹತೆ ಕೊಡಬಹುದು. ಷರತ್ತು ಇಷ್ಟೇ: ಅಂಕ ಕಡಿಮೆಯಾದದ್ದು ಭಾಷೆಯ ಕಾರಣದಿಂದ, ಆ ಕೊರತೆ ಮುಂದೆ ನೀಗುವಂಥದ್ದು ಎಂದು ಶಾಲೆಗೆ ಅನ್ನಿಸಬೇಕು. ನಿಮ್ಮ ಮಗಳು ಎರಡನೇ ತರಗತಿಯ ನಡುವೆ ಬಂದವಳು, ಆದ್ದರಿಂದ ಈ ನಿಯಮ ಅವಳಿಗೆ ಅನ್ವಯಿಸುತ್ತದೆ.

ಗಮನಿಸಿ, "ಕೊಡಬಹುದು" ಎಂದಿದೆ, "ಕೊಡಲೇಬೇಕು" ಎಂದಿಲ್ಲ. ಹಾಗಾಗಿ ಈಗಿನಿಂದಲೇ ಶಿಕ್ಷಕಿಯ ಬಳಿ ಇದನ್ನು ಪ್ರಸ್ತಾಪಿಸಿ. ಮೊಟ್ಟೆಯ ಲೆಕ್ಕದ ಆ ಕಾಗದವನ್ನೇ ತೋರಿಸಿ. ಲೆಕ್ಕ ಬರುತ್ತದೆ, ಭಾಷೆ ಬರುವುದಿಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ?

ಅದೂ ಆಗದಿದ್ದರೆ ಪ್ರೋಬೆ-ಉಂಟರ್‌ರಿಖ್ಟ್ ಇದೆ. ಮುಂದಿನ ಶಾಲೆಯಲ್ಲಿ ಮೂರು ದಿನ ಜರ್ಮನ್ ಮತ್ತು ಗಣಿತದ ಪರೀಕ್ಷಾ ಪಾಠ. ಒಂದರಲ್ಲಿ 3, ಇನ್ನೊಂದರಲ್ಲಿ 4 ಬಂದರೆ ಪಾಸು. ಎರಡರಲ್ಲೂ 4 ಬಂದರೆ ತಂದೆತಾಯಿ ತೀರ್ಮಾನಿಸಬಹುದು.

ಇಸಾರ್ ತೀರ:
ಇದು ನಿಜವೇ? ಯಾರೂ ಹೇಳಲೇ ಇಲ್ಲ. ಪೋಷಕರ ಸಭೆಯಲ್ಲೂ 2.33 ಎಂಬ ಸಂಖ್ಯೆಯನ್ನು ಮಾತ್ರ ಪರದೆಯ ಮೇಲೆ ತೋರಿಸಿದರು. ನಾಳೆಯೇ ಶಿಕ್ಷಕಿಗೆ ಪತ್ರ ಬರೆಯುತ್ತೇನೆ.

ಹತ್ತು ವರ್ಷ ಫ್ರಾಂಕ್‌ಫರ್ಟ್:
ನೋಡಿ, ಇದನ್ನೇ ನಾನು ಹೇಳುವುದು. ನಿಯಮ ಗೊತ್ತಿದ್ದವರ ಮಕ್ಕಳು ಮುಂದೆ ಹೋಗುತ್ತಾರೆ, ಗೊತ್ತಿಲ್ಲದವರ ಮಕ್ಕಳು ಹಿಂದೆ ಉಳಿಯುತ್ತಾರೆ.

ಶಿಸ್ತಿನ ಸಿಪಾಯಿ:
ನೇರವಾಗಿ ಹೇಳುತ್ತೇನೆ, ಬೇಸರ ಬೇಡ. ಯಾವ ದೇಶಕ್ಕೆ ಬಂದಿದ್ದೀರೋ ಆ ದೇಶದ ಭಾಷೆ ಮನೆಯೊಳಗೂ ಬರಬೇಕು. ನಾವು ಬಂದ ದಿನದಿಂದ ಮಗನ ಜೊತೆ ಜರ್ಮನ್ ಮಾತ್ರ ಮಾತನಾಡಿದೆವು. ಇಂದು ಅವನಿಗೆ ಜರ್ಮನ್‌ನಲ್ಲಿ 2. ಕನ್ನಡ ಮುಂದೆ ಎಂದಾದರೂ ಕಲಿತಾನು.

ಪಾಠ ಹೇಳುವವಳು:
@ಶಿಸ್ತಿನ ಸಿಪಾಯಿ, ನಿಮ್ಮ ಮಗ ಚೆನ್ನಾಗಿ ಓದುತ್ತಿರುವುದು ಸಂತೋಷ. ಆದರೆ ಇದನ್ನು ಎಲ್ಲರಿಗೂ ಮದ್ದಿನಂತೆ ಹಂಚಬೇಡಿ. ನಾನು ಇಲ್ಲಿಯ ಒಂದು ಶಾಲೆಯಲ್ಲಿ ಹೊಸದಾಗಿ ಬಂದ ಮಕ್ಕಳಿಗೆ ಜರ್ಮನ್ ಕಲಿಸುತ್ತೇನೆ. ಸಿರಿಯಾ, ಉಕ್ರೇನ್, ಭಾರತ, ಬ್ರೆಜಿಲ್ ಹೀಗೆ ಎಲ್ಲೆಲ್ಲಿಂದಲೋ ಬಂದ ಮಕ್ಕಳು. ಮನೆಭಾಷೆಯಲ್ಲಿ ಕಥೆ ಕೇಳಿ, ವಾದ ಮಾಡಿ, "ಯಾಕೆ" ಎಂದು ಪ್ರಶ್ನಿಸಿ ಬೆಳೆದ ಮಗು ಜರ್ಮನ್ ಅನ್ನು ಬೇಗ ಹಿಡಿಯುತ್ತದೆ. ಅದರ ತಲೆಯಲ್ಲಿ "ಉಳಿಯುವುದು", "ಹಂಚುವುದು", "ಅದರಿಂದಾಗಿ", "ಆದರೂ" ಇವೆಲ್ಲ ಈಗಾಗಲೇ ಇವೆ. ಹೊಸ ಭಾಷೆಯಲ್ಲಿ ಅದಕ್ಕೆ ಬೇಕಾಗಿರುವುದು ಹೊಸ ಪದ ಮಾತ್ರ. ಮನೆಯಲ್ಲಿ ತಂದೆತಾಯಿ ತಡವರಿಸುತ್ತ ಅರ್ಧಂಬರ್ಧ ಜರ್ಮನ್ ಮಾತನಾಡಿದರೆ ಮಗುವಿಗೆ ಆ ಬುನಾದಿಯೂ ಸಿಗುವುದಿಲ್ಲ, ಸರಿಯಾದ ಜರ್ಮನ್ ಕೂಡ ಸಿಗುವುದಿಲ್ಲ.

ನಿಮಗೆ ಯಾವ ಭಾಷೆಯಲ್ಲಿ ಮಗುವನ್ನು ಸಮಾಧಾನ ಮಾಡಲು ಬರುತ್ತದೆಯೋ ಅದರಲ್ಲೇ ಮಾತನಾಡಿ. ಜರ್ಮನ್‌ಗೆ ಬೇರೆ ದಾರಿಗಳಿವೆ. ಮ್ಯೂನಿಕ್ ನಗರ ಗ್ರಂಥಾಲಯದ ಕಾರ್ಡು ಮಕ್ಕಳಿಗೆ ಉಚಿತ. ಧ್ವನಿ ಪುಸ್ತಕಗಳನ್ನು ತಂದು, ಅದೇ ಪುಸ್ತಕವನ್ನು ಕೈಯಲ್ಲಿ ಹಿಡಿಸಿ ಕೇಳಿಸಿ. ಶಾಲೆಯಲ್ಲಿ ಆಂಟೋಲಿನ್ ಎಂಬ ಓದಿನ ಜಾಲತಾಣದ ಖಾತೆ ಕೊಟ್ಟಿದ್ದರೆ ಓದಿದ ಪುಸ್ತಕದ ಪ್ರಶ್ನೆಗಳಿಗೆ ಉತ್ತರಿಸಿ ಅಂಕ ಗಳಿಸಬಹುದು. ಮಕ್ಕಳು ಹಟ ಹಿಡಿದು ಓದುತ್ತಾರೆ. ಎಲ್ಲಕ್ಕಿಂತ ಮುಖ್ಯ, ತರಗತಿಯ ಒಂದು ಮಗುವನ್ನು ವಾರಕ್ಕೊಮ್ಮೆ ಮನೆಗೆ ಕರೆಯಿರಿ. ಎರಡು ಗಂಟೆ ಆಟದಲ್ಲಿ ಬರುವ ಜರ್ಮನ್ ಯಾವ ಟ್ಯೂಷನ್ನಿನಲ್ಲೂ ಬರುವುದಿಲ್ಲ.

ಇನ್ನೊಂದು ಮಾತು. ಇಲ್ಲಿ ತರಗತಿಯಲ್ಲಿ ಕೈ ಎತ್ತಿ ಮಾತನಾಡುವುದಕ್ಕೂ ಅಂಕವಿದೆ. ನಮ್ಮ ಮಕ್ಕಳು ಕೈಕಟ್ಟಿ ಸುಮ್ಮನೆ ಕೂರುವುದನ್ನು ಒಳ್ಳೆಯ ನಡತೆ ಎಂದು ಕಲಿತು ಬಂದಿರುತ್ತಾರೆ. ಆ ಮೌನವನ್ನು ಶಿಕ್ಷಕರು "ಆಸಕ್ತಿ ಇಲ್ಲ" ಎಂದು ಓದಿಕೊಳ್ಳುತ್ತಾರೆ. ದಿನಕ್ಕೆ ಒಂದು ಸಲ ಕೈ ಎತ್ತು, ತಪ್ಪಾದರೂ ಪರವಾಗಿಲ್ಲ ಎಂದು ಮಗಳಿಗೆ ಹೇಳಿ.

ಶಿಸ್ತಿನ ಸಿಪಾಯಿ:
ನನ್ನ ಮಗನಿಗೆ ಇದರಿಂದ ನಷ್ಟವೇನೂ ಆಗಿಲ್ಲ.

ಮಲೆನಾಡಿನವಳು:
ಅವನು ಅಜ್ಜಿಯ ಜೊತೆ ಯಾವ ಭಾಷೆಯಲ್ಲಿ ಮಾತನಾಡುತ್ತಾನೆ?

ಶಿಸ್ತಿನ ಸಿಪಾಯಿ:
ವಿಡಿಯೊ ಕರೆಯಲ್ಲಿ ನಾನು ಅನುವಾದಿಸುತ್ತೇನೆ. ಅದರಲ್ಲಿ ತಪ್ಪೇನಿದೆ?

ಮೊಮ್ಮಕ್ಕಳ ಅಜ್ಜಿ, ಮೈಸೂರು:
ತಪ್ಪು ಎನ್ನುವುದಿಲ್ಲಪ್ಪ. ಆದರೆ ಅಜ್ಜಿಯ ಪರವಾಗಿ ನಾನು ಹೇಳುತ್ತೇನೆ. ನನ್ನ ಮೊಮ್ಮಗ ನ್ಯೂರೆಂಬರ್ಗ್‌ನಲ್ಲಿದ್ದಾನೆ. ಹೋದ ವರ್ಷ ಕರೆ ಮಾಡಿ, "ಅಜ್ಜಿ, ನನಗೆ ಗಣಿತದಲ್ಲಿ ಒಂದು ಬಂತು" ಎಂದ. ನನ್ನ ಎದೆ ಧಸಕ್ಕೆಂದಿತು. "ನೂರಕ್ಕೆ ಒಂದೇ?" ಎಂದೆ. ಒಂದು ಎಂದರೇ ಇಲ್ಲಿ ಮೊದಲನೆಯದು ಅಜ್ಜಿ ಎಂದು ಅವನೇ ಕನ್ನಡದಲ್ಲಿ ಬಿಡಿಸಿ ಹೇಳಿದ. ಅಪ್ಪನೇ ನಡುವೆ ನಿಂತು ಹೇಳಿದ್ದರೆ ಈ ಮಾತುಕತೆ ಎಲ್ಲಿ ನಡೆಯುತ್ತಿತ್ತು? ಮಗುವಿನ ಬಾಯಿಂದ ಕೇಳುವುದೇ ಬೇರೆ.

ನೆಕ್ಕರ್ ಕಣಿವೆ:
ಅಜ್ಜಿಗೆ ನಮಸ್ಕಾರ. ಕನ್ನಡದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನನ್ನ ಮಗಳು ಎಂಟನೇ ತರಗತಿಯಲ್ಲಿ "ನಮ್ಮ ಪ್ರದೇಶದ ಒಬ್ಬ ವ್ಯಕ್ತಿ" ಎಂಬ ವಿಷಯದ ಮೇಲೆ ಭಾಷಣ ಮಾಡಬೇಕಿತ್ತು. ಫರ್ಡಿನಾಂಡ್ ಕಿಟೆಲ್ ಅವರನ್ನು ಆಯ್ದುಕೊಂಡಳು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದವರು, 1903ರಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಜೊತೆಗೆ 1843ರಲ್ಲಿ ಮಂಗಳೂರ ಸಮಾಚಾರ ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಅವರ ಬಗ್ಗೆಯೂ ಹೇಳಿದಳು. ಅವರು ನಮ್ಮ ಪಕ್ಕದ ಬ್ರಾಕೆನ್‌ಹೈಮ್‌ನವರೇ. ಕನ್ನಡದ ಮೊದಲ ಪತ್ರಿಕೆ ತಂದವನು ಈ ದ್ರಾಕ್ಷಿ ತೋಟಗಳ ಊರಿನವನು ಎಂದು ಕೇಳಿ ತರಗತಿಯ ಮಕ್ಕಳು ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿದರಂತೆ. ಹಲಗೆಯ ಮೇಲೆ ಎಲ್ಲರ ಹೆಸರನ್ನೂ ಕನ್ನಡದಲ್ಲಿ ಬರೆದುಕೊಟ್ಟು ಬಂದಳು. ಅಂದಿನಿಂದ ಭಾನುವಾರದ ಕನ್ನಡ ತರಗತಿಗೆ ಹೋಗುವಂತೆ ನಾವು ಹೇಳಬೇಕಾಗಿಲ್ಲ.

ಬರ್ಲಿನ್ ಅಪ್ಪ:
ಇದು ಬಹಳ ಚೆನ್ನಾಗಿದೆ. ಟ್ಯೂಬಿಂಗನ್‌ಗೆ ಈ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ.

ವಾಪಸಾದವನು:
ಹಿಂದಿರುಗುವ ಯೋಚನೆಯ ಬಗ್ಗೆ ಯಾರೂ ಮಾತನಾಡುತ್ತಿಲ್ಲ, ನಾನು ಹೇಳುತ್ತೇನೆ. ನಾವು ಮಗ ಏಳನೇ ತರಗತಿಯಲ್ಲಿದ್ದಾಗ ಬೆಂಗಳೂರಿಗೆ ಮರಳಿದೆವು. ಹೋಗುವುದಾದರೆ ಐದನೇ ತರಗತಿಯ ಒಳಗೆ ಹೋಗಿ. ಕಾರಣಗಳು ಬರಿ ಭಾವನೆಯವಲ್ಲ. 2015ರ ಕನ್ನಡ ಕಲಿಕಾ ಕಾಯ್ದೆಯಿಂದಾಗಿ ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಕಲಿಯಲೇಬೇಕು. ಮನೆಯಲ್ಲಿ ಮಾತನಾಡುವ ಮಗುವಿಗೂ ಒತ್ತಕ್ಷರ ಬರೆಯುವುದು ತಲೆನೋವೇ. ವೃತ್ತಿಶಿಕ್ಷಣದ ಸಿಇಟಿ ಸೀಟಿಗೆ ಸಾಮಾನ್ಯ ನಿಯಮದಂತೆ ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಲೆಕ್ಕ ಹಾಕಿಕೊಳ್ಳಿ. ಮಕ್ಕಳು ಜರ್ಮನ್ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಹಿಡಿದು ಬಂದರೆ 2021ರ ಅಧಿಸೂಚನೆಯ ಪ್ರಕಾರ ನೀಟ್, ಜೆಇಇ ಸೀಟುಗಳಲ್ಲಿ ಅನಿವಾಸಿ ಭಾರತೀಯರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಶುಲ್ಕ ಎಷ್ಟಾಗುತ್ತದೆ ಎಂದು ಕೇಳಿ ನೋಡಿ.

ಇಸಾರ್ ತೀರ:
ನಿಮ್ಮ ಮಗ ಹೊಂದಿಕೊಂಡನೇ?

ವಾಪಸಾದವನು:
ಹೊಂದಿಕೊಂಡಿದ್ದಾನೆ. ಮೊದಲ ಒಂದು ವರ್ಷ ಕಷ್ಟವಾಯಿತು. ಅಲ್ಲಿ ಒಬ್ಬನೇ ನಡೆದು ಶಾಲೆಗೆ ಹೋಗುತ್ತಿದ್ದವನು, ನಾಲ್ಕನೇ ತರಗತಿಯಲ್ಲಿ ಪೊಲೀಸರ ಮುಂದೆ ಸೈಕಲ್ ಪರೀಕ್ಷೆ ಪಾಸು ಮಾಡಿದವನು. ಇಲ್ಲಿ ಗೇಟಿನ ಹೊರಗೆ ಒಬ್ಬನನ್ನೇ ಬಿಡಲು ನಮಗೆ ಧೈರ್ಯವಿಲ್ಲ. "ನನ್ನ ಮೇಲೆ ನಂಬಿಕೆ ಇಲ್ಲವೇ ಅಪ್ಪ" ಎಂದು ಕೇಳಿದ. ಈಗ ಕ್ರಿಕೆಟ್ ಗುಂಪು ಸಿಕ್ಕಿದೆ, ಸೋದರ ಸಂಬಂಧಿಗಳಿದ್ದಾರೆ, ನಗುತ್ತಾನೆ.

ದಾವಣಗೆರೆಯಿಂದ ಔಗ್ಸ್‌ಬುರ್ಗ್:
ಒಂದು ಪರೀಕ್ಷೆಯ ಭಯಕ್ಕೆ ದೇಶ ಬದಲಿಸಬೇಡಿ. ಹೋಗುವುದಾದರೆ ಹೋಗಬೇಕೆಂಬ ಆಸೆಯಿಂದ ಹೋಗಿ. ಅಂತರರಾಷ್ಟ್ರೀಯ ಶಾಲೆಯ ಬಗ್ಗೆ ಕೇಳಿದ್ದಿರಿ: ಮ್ಯೂನಿಕ್‌ನಲ್ಲಿ ವರ್ಷದ ಶುಲ್ಕ 20 ಸಾವಿರ ಯೂರೋ ದಾಟುವುದುಂಟು. ಕಂಪನಿ ಕೊಡುವುದಾದರೆ ಸರಿ. ಆದರೆ ಇಲ್ಲೇ ನೆಲೆಸುವವರಾದರೆ ಮಗು ಹದಿನೆಂಟಾದರೂ ಪಕ್ಕದ ಮನೆಯವರ ಜೊತೆ ಮಾತನಾಡಲು ತಡಕಾಡುತ್ತದೆ.

ಪುಟ್ಟಿಯ ಅಮ್ಮ:
ವಿಷಯಾಂತರಕ್ಕೆ ಕ್ಷಮಿಸಿ. ಅಂಟು ಮಿಠಾಯಿಯ ಸಮಸ್ಯೆಯನ್ನು ಹೇಗೆ ನಿಭಾಯಿಸುತ್ತೀರಿ? ಯಾವ ಮಗುವಿನ ಹುಟ್ಟುಹಬ್ಬವಾದರೂ ತರಗತಿಯಲ್ಲಿ ಕರಡಿ ಆಕಾರದ ಮಿಠಾಯಿ ಹಂಚುತ್ತಾರೆ, ಬಹುಪಾಲು ಹಂದಿಯ ಜೆಲಾಟಿನ್. ನಾವು ಸಸ್ಯಾಹಾರಿಗಳು. ಮಗಳು ಎಲ್ಲರ ನಡುವೆ "ಬೇಡ" ಎಂದು ಹೇಳಲು ಅಳುತ್ತಾಳೆ.

ಮಲೆನಾಡಿನವಳು:
ಶಿಕ್ಷಕಿಯ ಬಳಿ ಒಂದು ಡಬ್ಬಿ ಇಟ್ಟುಬಿಡಿ. ಪೆಕ್ಟಿನ್‌ನಿಂದ ಮಾಡಿದ ಮಿಠಾಯಿ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಪೊಟ್ಟಣದ ಮೇಲೆ ಸಸ್ಯಾಹಾರಿ ಗುರುತು ನೋಡಿ ತನ್ನಿ. ಹುಟ್ಟುಹಬ್ಬ ಬಂದಾಗ ಅದರಿಂದ ಕೊಡುತ್ತಾರೆ. ಟರ್ಕಿಯ ಮಕ್ಕಳೂ ಹಂದಿಯದನ್ನು ತಿನ್ನುವುದಿಲ್ಲ, ನಿಮ್ಮ ಮಗಳು ಒಂಟಿಯಲ್ಲ ಎಂದು ಹೇಳಿ.

ಬರ್ಲಿನ್ ಅಪ್ಪ:
ಶಾಲೆಯ ಅಡುಗೆಮನೆಗೂ ಬರೆದುಕೊಡಿ. ನಮ್ಮಲ್ಲಿ ದಿನಕ್ಕೊಂದು ಸಸ್ಯಾಹಾರಿ ಊಟ ಇದ್ದೇ ಇರುತ್ತದೆ. ಬಹಳ ಸಲ ಪಾಸ್ತಾ ಮತ್ತು ಟೊಮೆಟೊ ಸಾರು, ಅಷ್ಟೇ.

ಹೊಸಬ ಮ್ಯೂನಿಕ್:
ಇನ್ನೊಂದು ಅಡ್ಡ ಪ್ರಶ್ನೆ. ಜುಲೈ ಕೊನೆಯ ವಾರ ಟಿಕೆಟ್ ಅಗ್ಗವಿದೆ. ರಜೆ ಶುರುವಾಗುವ ಐದು ದಿನ ಮೊದಲೇ ಮಗನನ್ನು ಊರಿಗೆ ಕರೆದುಕೊಂಡು ಹೋಗಬಹುದೇ? ಹುಷಾರಿಲ್ಲ ಎಂದು ಶಾಲೆಗೆ ಹೇಳಿದರಾಯಿತು ಎಂದು ಗೆಳೆಯರು ಹೇಳುತ್ತಿದ್ದಾರೆ.

ಪಾಠ ಹೇಳುವವಳು:
ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ಶಾಲಾ ಹಾಜರಿ ಕಾನೂನಿನ ಕಡ್ಡಾಯ. ಬವೇರಿಯಾದಲ್ಲಿ ರಜೆಯ ಹಿಂದಿನ ದಿನಗಳಲ್ಲಿ ವಿಮಾನ ನಿಲ್ದಾಣದಲ್ಲಿ ಪೊಲೀಸರು ಶಾಲಾ ವಯಸ್ಸಿನ ಮಕ್ಕಳನ್ನು ನೋಡಿ ವಿಚಾರಿಸುವುದುಂಟು, ದಂಡವೂ ಬೀಳುತ್ತದೆ. ದಂಡಕ್ಕಿಂತ ಕೆಟ್ಟದ್ದು, ಆ ಮಗು ಶಿಕ್ಷಕಿಯ ಮುಂದೆ ಸುಳ್ಳು ಹೇಳಬೇಕಾಗುತ್ತದೆ. ಹತ್ತಿರದ ಸಂಬಂಧಿಕರ ಮದುವೆ, ಸಾವು ಇಂಥ ಕಾರಣಗಳಿದ್ದರೆ ಮುಖ್ಯೋಪಾಧ್ಯಾಯರಿಗೆ ಮೊದಲೇ ಅರ್ಜಿ ಕೊಡಿ, ಬಹಳಷ್ಟು ಸಲ ಒಪ್ಪುತ್ತಾರೆ. ಟಿಕೆಟ್ ಅಗ್ಗ ಎಂಬುದು ಕಾರಣವಾಗುವುದಿಲ್ಲ.

ಮೊಮ್ಮಕ್ಕಳ ಅಜ್ಜಿ, ಮೈಸೂರು:
ಆಗಸ್ಟಿನಲ್ಲೇ ಬನ್ನಿ. ಇಲ್ಲಿಯ ಮಕ್ಕಳಿಗೆ ಶಾಲೆ ಇರುತ್ತದೆ ನಿಜ, ಆದರೆ ವರಮಹಾಲಕ್ಷ್ಮಿ ಹಬ್ಬ ಇರುತ್ತದೆ, ಮಳೆ ಇರುತ್ತದೆ. ಮೊಮ್ಮಗನಿಗೆ ಆ ಮಳೆಯೇ ಇಷ್ಟ.

ಮಿಟ್ಟಲ್‌ಶೂಲೆಯಲ್ಲಿ ಓದಿದವನು:
ಇಷ್ಟು ಹೊತ್ತು ಓದುತ್ತಿದ್ದೆ. ಇಲ್ಲಿ ಮಾತನಾಡುತ್ತಿರುವವರೆಲ್ಲರೂ ತಂದೆತಾಯಿ, ಅಜ್ಜಿ. ಆ ದಾರಿಯಲ್ಲಿ ನಡೆದವನು ನಾನೊಬ್ಬನೇ ಇರಬೇಕು, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಾನು ಹುಬ್ಬಳ್ಳಿಯಿಂದ ಇಲ್ಲಿಗೆ ಬಂದಾಗ ಹನ್ನೊಂದು ವರ್ಷ. ಜರ್ಮನ್ ಒಂದು ಅಕ್ಷರ ಬರುತ್ತಿರಲಿಲ್ಲ. ನೇರ ಮಿಟ್ಟಲ್‌ಶೂಲೆ. ನಮ್ಮ ತರಗತಿಯಲ್ಲಿ ಹೊರದೇಶದಿಂದ ಬಂದವರೇ ಹೆಚ್ಚು. ಶಿಕ್ಷಕರೊಬ್ಬರು ಮಧ್ಯಾಹ್ನ ಉಳಿಸಿಕೊಂಡು ಓದಿಸಿದರು. ಏಳನೇ ತರಗತಿಯಿಂದ ಎಂ-ಸುಗ್ ಎಂಬ ವಿಭಾಗ ಇರುತ್ತದೆ, ಅದಕ್ಕೆ ಸೇರಿದೆ. ಹತ್ತನೆಯ ಕೊನೆಯಲ್ಲಿ ರಿಯಾಲ್‌ಶೂಲೆಯವರಿಗೆ ಸಿಗುವ ಮಟ್ಟದ್ದೇ ಪ್ರಮಾಣಪತ್ರ ಸಿಕ್ಕಿತು. ಜರ್ಮನ್, ಇಂಗ್ಲಿಷ್, ಗಣಿತದ ಸರಾಸರಿ 3.5 ಇದ್ದರೆ ಫಾಖ್‌ಓಬರ್‌ಶೂಲೆ ಎಂಬ ವೃತ್ತಿಪರ ಹಿರಿಯ ಶಾಲೆಗೆ ಹೋಗಬಹುದು. ಹೋದೆ. ಅಲ್ಲಿ ಹನ್ನೊಂದನೆಯ ಅರ್ಧ ಸಮಯ ಕಾರ್ಖಾನೆಯಲ್ಲಿ ಕೆಲಸ ಕಲಿಯಬೇಕು. ಹನ್ನೆರಡು ಮುಗಿಸಿದರೆ ಅನ್ವಯಿಕ ವಿಶ್ವವಿದ್ಯಾಲಯಕ್ಕೆ ಬಾಗಿಲು ತೆರೆಯುತ್ತದೆ, ಹದಿಮೂರು ಮುಗಿಸಿದರೆ ಇನ್ನೂ ಮುಂದಕ್ಕೆ. ಈಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷ. ಗಿಮ್ನಾಜಿಯುಮ್‌ನಿಂದ ಬಂದ ಗೆಳೆಯರು ಯಂತ್ರದ ಮುಂದೆ ನಿಂತು ಏನು ಮಾಡಬೇಕೆಂದು ಕೇಳುವುದು ನನ್ನನ್ನು.

ನನಗೆ ಶಾಲೆಯಿಂದ ನೋವಾಗಲಿಲ್ಲ. ನೋವಾದದ್ದು ಬೇರೆ ಕಡೆ. ಕನ್ನಡದ ಕಾರ್ಯಕ್ರಮಗಳಲ್ಲಿ ಯಾರಾದರೂ "ಯಾವ ಶಾಲೆ" ಎಂದು ಕೇಳಿದರೆ ಅಮ್ಮ ಮಾತು ಬದಲಿಸುತ್ತಿದ್ದಳು. ಊರಿಗೆ ಹೋದಾಗ "ಜರ್ಮನ್ ಶಾಲೆ" ಎಂದಷ್ಟೇ ಹೇಳು ಎಂದು ಕಲಿಸಿದ್ದಳು. ನಾನು ಏನೋ ಕೆಟ್ಟದ್ದು ಮಾಡಿದ್ದೇನೆ ಎಂದು ಅಂದುಕೊಂಡು ಬೆಳೆದೆ. ನಿಮ್ಮ ಮಗಳು ಯಾವ ಶಾಲೆಗೆ ಹೋದರೂ ಆ ಶಾಲೆಯ ಹೆಸರನ್ನು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿ. ಇದೊಂದು ಬೇಡಿಕೆ.

ಮತ್ತೊಂದು ವಿಷಯ: ಈ ಇಡೀ ಚರ್ಚೆಯಲ್ಲಿ ಆ ಮಗುವನ್ನು ಯಾರಾದರೂ ಕೇಳಿದ್ದೀರಾ?

ಮಲೆನಾಡಿನವಳು:
ಓದಿ ಕಣ್ಣು ತುಂಬಿತು. ನಿಮ್ಮ ತಾಯಿಯ ಭಯವೂ ನನಗೆ ಅರ್ಥವಾಗುತ್ತದೆ. ಹೊಸ ದೇಶದಲ್ಲಿ ಕೈಗೆ ಏನೂ ಸಿಗದೆ ಇರುವಾಗ ಮಕ್ಕಳ ಅಂಕವೊಂದೇ ನಮ್ಮ ಗೌರವ ಎಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ.

ಸಂಜೆ ಬರೆಯುತ್ತೇನೆ ಎಂದಿದ್ದೆ. ನನ್ನ ಮಗ ಮೂರನೆಯದನ್ನು ಎರಡು ಸಲ ಓದಿದ. ತಂದೆತಾಯಿ ಅರ್ಜಿ ಕೊಟ್ಟರೆ ಶಾಲೆ ಪರಿಶೀಲಿಸಿ ಒಪ್ಪಬಹುದು. ಎರಡನೆಯ ಸಲ ಅವನು ಬೇರೆಯೇ ಹುಡುಗನಾದ. ಮೊದಲ ವರ್ಷ ಪರಿಸರ ಪಾಠದಲ್ಲಿ ಅಗ್ನಿಶಾಮಕ ದಳ, ಕಾಡಿನ ಮರಗಳು ಎಂದರೆ ಪಾಠದ ಪದಗಳೇ ತಲೆಗೆ ಹತ್ತುತ್ತಿರಲಿಲ್ಲ. ಮರುವರ್ಷ ಅವನೇ ಇತರರಿಗೆ ಹೇಳಿಕೊಟ್ಟ. ಫೌಂಟನ್ ಪೆನ್ನು ಹಿಡಿಯುವ ಕೈ ಕೂಡ ಪಳಗಿತು. ಈಗ ರಿಯಾಲ್‌ಶೂಲೆಯಲ್ಲಿ ಆರನೆಯದು, ಖುಷಿಯಾಗಿದ್ದಾನೆ. ಆದರೆ ಅವನ ಆಪ್ತ ಗೆಳೆಯರು ಮುಂದಿನ ತರಗತಿಗೆ ಹೋದಾಗ ಒಂದು ತಿಂಗಳು ಬಹಳ ಸಪ್ಪಗಿದ್ದ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹತ್ತು ವರ್ಷ ಫ್ರಾಂಕ್‌ಫರ್ಟ್:
ಆ ಹುಡುಗನ ಸಾಧನೆ ದೊಡ್ಡದು, ಒಪ್ಪುತ್ತೇನೆ. ಆದರೆ ಅದನ್ನು ತೋರಿಸಿ ವ್ಯವಸ್ಥೆ ಸರಿಯಾಗಿದೆ ಎನ್ನಬೇಡಿ. ಅವನಂತೆ ಏರಿದವರು ಎಷ್ಟು ಜನ, ಅಲ್ಲೇ ಉಳಿದವರು ಎಷ್ಟು ಜನ? ಗಿಮ್ನಾಜಿಯುಮ್‌ನವರು ಎಂಟು ವರ್ಷದಲ್ಲಿ ಅಬಿಟೂರ್ (ಶಾಲೆಯ ಕೊನೆಯ ಪರೀಕ್ಷೆ) ಮುಗಿಸುತ್ತಾರೆ, ಇವನು ಸುತ್ತು ಹಾಕಿ ಹೋಗಬೇಕಾಯಿತು.

ದಾವಣಗೆರೆಯಿಂದ ಔಗ್ಸ್‌ಬುರ್ಗ್:
ತಿದ್ದುಪಡಿ: ಬವೇರಿಯಾದಲ್ಲಿ ಗಿಮ್ನಾಜಿಯುಮ್ ಮತ್ತೆ ಒಂಬತ್ತು ವರ್ಷವಾಗಿದೆ. ಆ ಬದಲಾವಣೆಯಿಂದಾಗಿ 2025ರಲ್ಲಿ ಹೆಚ್ಚಿನ ಶಾಲೆಗಳಲ್ಲಿ ಅಬಿಟೂರ್ ಬರೆಯುವ ಸಾಮಾನ್ಯ ತಂಡವೇ ಇರಲಿಲ್ಲ. ಫಾಖ್‌ಓಬರ್‌ಶೂಲೆಯ ಹದಿಮೂರನೆಯದಕ್ಕೂ ಇದಕ್ಕೂ ವರ್ಷಗಳ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಮಿಟ್ಟಲ್‌ಶೂಲೆಯಲ್ಲಿ ಓದಿದವನು:
@ಹತ್ತು ವರ್ಷ ಫ್ರಾಂಕ್‌ಫರ್ಟ್, ವ್ಯವಸ್ಥೆ ಸರಿಯಾಗಿದೆ ಎಂದು ನಾನು ಹೇಳಲಿಲ್ಲ. ಒಂಬತ್ತು ವರ್ಷಕ್ಕೆ ವಿಂಗಡಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಬಾಗಿಲು ಮುಚ್ಚಿಲ್ಲ ಎಂದಷ್ಟೇ ಹೇಳಿದೆ. ನನ್ನ ತರಗತಿಯ ಗೆಳೆಯನೊಬ್ಬ ಮೂರೂವರೆ ವರ್ಷದ ತರಬೇತಿ ಮುಗಿಸಿ ಎಲೆಕ್ಟ್ರಿಷಿಯನ್ ಆಗಿದ್ದಾನೆ. ತರಬೇತಿಯ ಮೊದಲ ತಿಂಗಳಿಂದ ಸಂಬಳ. ಕುಶಲಕರ್ಮಿಗಳ ಉನ್ನತ ಅರ್ಹತೆಯಾದ ಮೈಸ್ಟರ್ ಪರೀಕ್ಷೆ ಪಾಸಾದರೆ ಅವನಿಗೂ ವಿಶ್ವವಿದ್ಯಾಲಯಕ್ಕೆ ಹೋಗುವ ಅರ್ಹತೆ ಇದೆ. "ಅಲ್ಲೇ ಉಳಿದವನು" ಎಂದು ಅವನನ್ನು ಕರೆಯಬೇಡಿ.

ಪುಟ್ಟಿಯ ಅಮ್ಮ:
ಇದು ನಮ್ಮವರಿಗೆ ಅರ್ಥವಾಗಬೇಕಾದ ಮಾತು.

ಇಸಾರ್ ತೀರ:
ಎಲ್ಲರಿಗೂ ಧನ್ಯವಾದ. ಎರಡು ವಾರದ ಬಳಿಕ ಬರೆಯುತ್ತಿದ್ದೇನೆ.

ಶಿಕ್ಷಕಿಯನ್ನು ಮತ್ತೆ ಭೇಟಿಯಾದೆವು. 3.33ರ ನಿಯಮದ ಬಗ್ಗೆ ಕೇಳಿದಾಗ ಅವರು ಒಪ್ಪಿದರು. ನಾಲ್ಕನೆಯದರ ಜನವರಿಯಲ್ಲಿ ಬರುವ ಅಂಕಗಳ ಮಾಹಿತಿಯನ್ನು ನೋಡಿ ಶಾಲೆಯ ಸಲಹೆಗಾರರ ಜೊತೆ ಕೂತು ಮಾತನಾಡೋಣ ಎಂದರು. ಗಣಿತದ ಪ್ರಶ್ನೆಗಳನ್ನು ಓದಿ ಹೇಳಲು, ಕಷ್ಟದ ಪದಗಳನ್ನು ಬಿಡಿಸಿ ಹೇಳಲು ಒಪ್ಪಿದ್ದಾರೆ. ವಾಪಸು ಹೋಗುವ ಮಾತನ್ನು ಈ ವರ್ಷ ಎತ್ತುವುದಿಲ್ಲ ಎಂದು ಯಜಮಾನರೂ ಒಪ್ಪಿದ್ದಾರೆ.

ಮಗಳನ್ನೂ ಕೇಳಿದೆವು. ಮೂರನೆಯದನ್ನು ಮತ್ತೆ ಓದಲು ಅವಳಿಗೆ ಇಷ್ಟವಿಲ್ಲ. ಕಾರಣ ಒಬ್ಬಳು ಗೆಳತಿ. ಕ್ರೊಯೇಷಿಯಾದಿಂದ ಬಂದ ಹುಡುಗಿ, ಇಬ್ಬರೂ ಜೊತೆಯಾಗಿಯೇ ಜರ್ಮನ್ ಕಲಿತವರು. "ಅವಳ ಪಕ್ಕದಲ್ಲಿ ಕೂತರೆ ನಾನು ಕೈ ಎತ್ತುತ್ತೇನೆ" ಎಂದಳು. ಹಾಗಾಗಿ ನಾಲ್ಕನೆಯದಕ್ಕೆ ಮುಂದುವರಿಯುತ್ತಾಳೆ. ರಿಯಾಲ್‌ಶೂಲೆ ಸಿಕ್ಕರೆ ರಿಯಾಲ್‌ಶೂಲೆ, ಮಿಟ್ಟಲ್‌ಶೂಲೆ ಆದರೆ ಅದು. ಮನೆಯಲ್ಲಿ ಕನ್ನಡವೇ.

ದಾವಣಗೆರೆಯಿಂದ ಔಗ್ಸ್‌ಬುರ್ಗ್:
ಬಹಳ ಸಂತೋಷ. ಸಲಹೆಗಾರರ ಜೊತೆ ಆಡಿದ ಮಾತುಗಳನ್ನು ಇಮೇಲ್‌ನಲ್ಲಿ ಒಮ್ಮೆ ಬರೆದು ಕಳಿಸಿ. ಬಾಯಿಮಾತು ಮರೆತುಹೋಗುತ್ತದೆ.

ಶಿಸ್ತಿನ ಸಿಪಾಯಿ:
ಒಳ್ಳೆಯದಾಗಲಿ. ಮನೆಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಭಾನುವಾರದ ಕನ್ನಡ ತರಗತಿ ಸ್ಟುಟ್‌ಗಾರ್ಟ್ ಕಡೆ ಎಲ್ಲಿ ನಡೆಯುತ್ತದೆ ಎಂದು ಯಾರಾದರೂ ತಿಳಿಸಿ. ಮಗ ಆ ಕಿಟೆಲ್ ಕಥೆ ಕೇಳಿ ಹಲಗೆಯ ಮೇಲೆ ತನ್ನ ಹೆಸರು ಬರೆಯಬೇಕು ಎನ್ನುತ್ತಿದ್ದಾನೆ.

ನೆಕ್ಕರ್ ಕಣಿವೆ:
ಖಾಸಗಿ ಸಂದೇಶ ಕಳಿಸಿದ್ದೇನೆ. ಸೆಪ್ಟೆಂಬರಿನಲ್ಲಿ ಹೊಸ ತಂಡ ಶುರುವಾಗುತ್ತದೆ, ಕರೆದುಕೊಂಡು ಬನ್ನಿ.

ಹೊಸಬ ಮ್ಯೂನಿಕ್:
ಆಗಸ್ಟ್ ಮೊದಲ ವಾರಕ್ಕೆ ಟಿಕೆಟ್ ಮಾಡಿಸಿದೆ. ಮಗನಿಗೆ ಶರತ್ಕಾಲದಿಂದ ಶಾಲೆಯಲ್ಲಿ ಈಜು ಪಾಠವಂತೆ, ಅವನಿಗೆ ನೀರೆಂದರೆ ಹೆದರಿಕೆ. ಮಕ್ಕಳ ಮೊದಲ ಈಜು ಬ್ಯಾಡ್ಜಿಗೆ 25 ಮೀಟರ್ ಈಜಬೇಕು, ಹೆಗಲೆತ್ತರದ ನೀರಿನ ತಳದಿಂದ ಉಂಗುರ ತೆಗೆಯಬೇಕು ಎನ್ನುತ್ತಾರೆ. ಮ್ಯೂನಿಕ್‌ನಲ್ಲಿ ಯಾವ ಕೊಳದಲ್ಲಿ ಕಾಯುವ ಪಟ್ಟಿ ಚಿಕ್ಕದಿದೆ?